ಉಸಿರೆತ್ತದ ಅಪ್ಪ

ಎದುರುಮನೆಯ ಅಂಕಲ್ ಬೆಳಿಗ್ಗೆ ಸೊಪ್ಪಿನವಳೊಂದಿಗೆ ಚೌಕಾಸಿಗಿಳಿದರೆ ನನ್ನ ಹೊಟ್ಟೆಗೆ ಬೆಂಕಿ ಬೀಳುತ್ತದೆ. "ಏನಮ್ಮಾ ಇದು, ಕಟ್ಟೋ ಕಡ್ಡಿನೋ?" ಎಂದು ಅವರು ಕೂಗುವುದು ಜೋಗುಪಾಳ್ಯದ ನಮ್ಮ ಗಲ್ಲಿಯ ತುದಿಯವರೆಗೂ ಕೇಳಿಸುತ್ತದೆ. ಕೊರೊನಾದ ಎರಡನೇ ಅಲೆಯಲ್ಲಿ, ಹದಿನೈದು ದಿನಗಳ ಅಂತರದಲ್ಲಿ, ಅವರಿಗೂ ನಮ್ಮಪ್ಪನಿಗೂ ಪಾರ್ಶ್ವವಾಯು ಹೊಡೆಯಿತು. ಅವರಿಗೆ ಮಾತು ಮರಳಿತು. ಅಪ್ಪನಿಗೆ ಇಲ್ಲ.

ಮೊದಲು ಬಿದ್ದವರು ಅಪ್ಪ. ತಿಂಡಿ ತಿನ್ನುತ್ತಿದ್ದಂತೆ ಬಾಯಿ ಸೊಟ್ಟಗಾಯಿತು, ಬಲಗೈ ತಟ್ಟೆಯ ಮೇಲೆ ಬಿತ್ತು. ಹೊರಗೋಡಿ ಆಂಬುಲೆನ್ಸಿಗೆ ಫೋನ್ ಮಾಡಿದ್ದು ನಾನು. ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳು. ಮನೆಯಲ್ಲಿ ಮಾತಿನ ಕೆಲಸವೆಲ್ಲ ನನ್ನದೇ.

"ಏನ್ ತೊಂದ್ರೆ ಮೇಡಂ?"

"ಕರೆದ್ರೆ ನೋಡ್ತಾರೆ ಸರ್, ಆದ್ರೆ ಉಸಿರೇ ಎತ್ತುತ್ತಿಲ್ಲ!"

ಒಂದು ಮಾತೂ ಆಡುತ್ತಿಲ್ಲ ಎಂಬ ಅರ್ಥದಲ್ಲಿ ಹಾಗೆಂದೆ. ಆ ದಿನಗಳಲ್ಲಿ ಉಸಿರಿಗೆ ಇದ್ದದ್ದು ಒಂದೇ ಅರ್ಥ. ಕೊರೊನಾ ಎಂದು ಬರೆದುಕೊಂಡರು. ಆಕ್ಸಿಜನ್ ಇರುವ ಗಾಡಿಗಾಗಿ ಕಾದೆವು. ಕೊನೆಗೂ ಬಂದವರು ಅಪ್ಪನ ಬೆರಳಿಗೆ ಕ್ಲಿಪ್ ಹಾಕಿ, "ಉಸಿರಾಟ ಚೆನ್ನಾಗೇ ಇದ್ಯಲ್ರೀ!" ಎಂದರು. ಅಷ್ಟರಲ್ಲಿ ಕೋವಿಡ್ ಆಸ್ಪತ್ರೆಗೆ ಹೆಸರು ಹೋಗಿತ್ತು. ಅಲ್ಲಿಂದ ಇನ್ನೊಂದಕ್ಕೆ ಕಳಿಸಿದರು. ಮಿದುಳಿನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನಿಗೆ ಹೊತ್ತು ಮೀರಿತ್ತು.

ಆಮೇಲೆ ಗಲ್ಲಿಯಲ್ಲಿ ನಿಂತು ವಾದಿಸಿದೆ: ಉಸಿರೆತ್ತದಿರುವುದಕ್ಕೂ ಉಸಿರಾಡದಿರುವುದಕ್ಕೂ ವ್ಯತ್ಯಾಸ ತಿಳಿಯದವನನ್ನು ಫೋನಿನ ಮುಂದೆ ಕೂರಿಸಿದ್ದು ಯಾರು? ಎಲ್ಲರೂ ತಲೆಯಾಡಿಸಿದರು. ಹಾಗಂದವಳು ನಾನೇ ಎಂದು ಮಾತ್ರ ಹೇಳಲಿಲ್ಲ, "ಮನೆಯವರು" ಎಂದೆ. ಅಪ್ಪನಿಗೂ ತಿಳಿದಿದ್ದದ್ದು ಅಷ್ಟೇ.

ಹೋದ ವಾರ ಅಂಕಲ್ ಮಗಳು ಚಿತ್ರಾನ್ನ ಕೊಡಲು ಬಂದಳು. ನಾಲ್ಕು ಜನರೆದುರು ಎರಡು ವಾಕ್ಯ ಹೇಳಲು ಬೆವರುವವಳು.

"ಅವತ್ತು ನೀನು ಗಲ್ಲೀಲಿ ಕೂಗಾಡ್ದೆ ನೋಡು, ಅದ್ರಿಂದ್ಲೇ ನಮ್ಮಪ್ಪ ಉಳ್ಕೊಂಡ್ರು ಕಣೆ. ಸ್ಟ್ರೋಕು, ಬಾಯಿ ಸೊಟ್ಟ, ಕೈ ಏಳ್ತಿಲ್ಲ, ಜ್ವರ ಇಲ್ಲ, ಅಷ್ಟೇ ಹೇಳ್ದೆ ಫೋನಲ್ಲಿ. ಅಂದ್ಹಾಗೆ, ನಿಮ್ಮನೇಲಿ ಹಾಗಂದಿದ್ದು ಯಾರೇ? ಆಂಟೀನಾ?"

ನನ್ನ ತಪ್ಪನ್ನು ಓದಿಕೊಂಡು ಅವಳು ಪಾಸಾಗಿದ್ದಳು. ಅವಳ ಕೃತಜ್ಞತೆಯನ್ನು ಅವಳ ಮುಖಕ್ಕೇ ಎಸೆಯಬೇಕೆನ್ನಿಸಿತು. ಮಂಚದ ಮೇಲಿದ್ದ ಅಪ್ಪ ಕೇಳಿಸಿಕೊಳ್ಳುತ್ತಿದ್ದರು. ಅಮ್ಮ ಎಂದಿದ್ದರೆ ಮುಗಿದೇ ಹೋಗುತ್ತಿತ್ತು.

"ಅಮ್ಮ ಅಲ್ಲ," ಎಂದೆ. "ನಾನೇ, ಅಪ್ಪಾ."

ಅಪ್ಪ ನನ್ನನ್ನೇ ನೋಡಿದರು. ಸಿಟ್ಟಾದರೆ ಉತ್ತರ ಸಿದ್ಧವಿತ್ತು: ಆ ಗಾಬರಿಯಲ್ಲಿ ಯಾರಾದರೂ ಹಾಗೇ ಅನ್ನುತ್ತಿದ್ದರು. ಅವರು ಎಡಗೈ ಎತ್ತಿ ಎದುರುಮನೆಯತ್ತ ತೋರಿಸಿದರು.

"ನಾಳೆ ಹೋಗೋಣಪ್ಪ."

ಕೈ ಇಳಿಯಲಿಲ್ಲ. ಅವಳೇ ಚಪ್ಪಲಿ ತೊಡಿಸಿದಳು. ಒಂದೊಂದು ತೋಳನ್ನು ಒಬ್ಬೊಬ್ಬರು ಹಿಡಿದು ದಾಟಿಸಿದೆವು.

"ಬಾರಯ್ಯಾ ಮಾವನ ಮನೆ ಅಳಿಯ!" ಎಂದರು ಅಂಕಲ್, ಗಲ್ಲಿಗೆಲ್ಲ ಕೇಳುವಂತೆ.

ಅಪ್ಪ ಭುಜ ಕುಲುಕುವಂತೆ ನಕ್ಕರು. ನಾನು ಹಿಡಿದಿದ್ದ ಎಡತೋಳನ್ನು ಬಿಡಿಸಿಕೊಂಡು ಅಂಕಲ್ ಪಕ್ಕ ಕುಳಿತರು.