ಮುಂಡರಗಿಗೆ ಗಂಗಾಳನ್ನು ನೋಡಲು ಹೋದದ್ದು

ಗದಗಿನಿಂದ ಮುಂಡರಗಿ ಬಸ್ಸು ಹೊರಟಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಸ್ವಾತಂತ್ರ್ಯ ಬಂದ ಮರುವರ್ಷದ ಶ್ರಾವಣ. ಮುಂಡರಗಿಯಿಂದಾಚೆ ಕೆಲವೇ ಮೈಲಿಗೆ ನಿಜಾಮನ ಸೀಮೆ ಶುರುವಾಗುತ್ತಿತ್ತು. ಅಲ್ಲಿ ಗಲಭೆ ಎದ್ದು, ಜನ ಮನೆಮಾರು ಬಿಟ್ಟು ಈಚೆ ಬರುತ್ತಿದ್ದರು. ಲಕ್ಷ್ಮೇಶ್ವರದಲ್ಲಿ ನನ್ನ ಜೊತೆ ಆಡಿ ಬೆಳೆದ ಗಂಗಾಳನ್ನು ಕೊಟ್ಟದ್ದು ಆ ಕಡೆಯ ಒಂದು ಹಳ್ಳಿಗೆ. ಅವಳು ಮಗುವಿನೊಂದಿಗೆ ಮುಂಡರಗಿ ಸೇರಿದ್ದಾಳೆ, ಆದರೆ ಯಾರೊಡನೆಯೂ ಮಾತಾಡುತ್ತಿಲ್ಲ, ಊಟವನ್ನೂ ಬಿಟ್ಟಿದ್ದಾಳೆ ಎಂದು ಸಂತೆಗೆ ಬಂದವರೊಬ್ಬರು ಸುದ್ದಿ ತಂದಿದ್ದರು.

ನಾನಾಗ ಬೆಟಗೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ನಮ್ಮ ತಂದೆ ಪಂಚಾಂಗ ನೋಡಿ ಹೇಳುವವರು. ಕಷ್ಟ ಹೇಳಿಕೊಂಡು ಬಂದವರನ್ನು ಅವರು ಬರಿಗೈಯಲ್ಲಿ ಕಳಿಸಿದ್ದಿಲ್ಲ. ಒಂದು ತಿಥಿ, ಒಂದು ಪರಿಹಾರ, ಒಂದು ಧೈರ್ಯದ ಮಾತು ಕೊಟ್ಟೇ ಕಳಿಸುವರು. ನೊಂದವರಿಗೆ ಉತ್ತರ ಕೊಡುವುದೇ ಉಪಕಾರ ಎಂದು ನಂಬಿ ಬೆಳೆದವಳು ನಾನು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಗಂಗಾಳಿಗೆ ಹೇಳಬೇಕಾದ ಮಾತುಗಳನ್ನೇ ಹೊಂದಿಸುತ್ತಿದ್ದೆ. ಒಂದೂ ನೆಟ್ಟಗಾಗಲಿಲ್ಲ.

ಡಂಬಳದಲ್ಲಿ ಇಂಜಿನ್ನಿಗೆ ನೀರು ಹಾಕಲು ಬಸ್ಸು ನಿಂತಿತು. ಬಲಗಡೆ ಕಪ್ಪತಗುಡ್ಡ ಮೋಡದಲ್ಲಿ ಮುಚ್ಚಿಹೋಗಿತ್ತು. ಹೆಚ್ಚಿನವರು ಚಹಾ ಕುಡಿಯಲು ಇಳಿದರು; ನಾನು ಕುಳಿತೇ ಇದ್ದೆ. ಪಕ್ಕದಲ್ಲಿದ್ದ ಮುದುಕಿ ನಾನು ಎಲ್ಲಿಗೆ ಹೊರಟಿದ್ದೇನೆಂದು ಕೇಳಿ ತಿಳಿದುಕೊಂಡು, ಅಲ್ಲಿಗೆ ಓಡಿಬಂದಿರುವ ಗಂಡಸರು ಊರಲ್ಲಿ ಬಿಟ್ಟುಬಂದ ದನ ತರುತ್ತೇವೆಂದು ಗಡಿ ದಾಟಿ ಹೋಗುತ್ತಾರೆ, ಕೆಲವರು ತಿರುಗಿ ಬರುವುದಿಲ್ಲ ಎಂದಳು. ಗಂಗಾಳ ಗಂಡನೂ ಹಾಗೆ ಹೋಗಿರಬಹುದೇ ಎಂದು ಮುಂಡರಗಿ ಬರುವವರೆಗೂ ಯೋಚಿಸುತ್ತಿದ್ದೆ.

ಒಂದು ಶಾಲೆಯ ಕಟ್ಟೆಯ ಮೇಲೆ ಹತ್ತಾರು ಸಂಸಾರಗಳು ಇಳಿದುಕೊಂಡಿದ್ದವು. ಹಸಿ ಕಟ್ಟಿಗೆಯ ಹೊಗೆ, ಒಣಗದ ಬಟ್ಟೆಯ ವಾಸನೆ. ಗಂಗಾ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಅವಳ ಗಂಡ ಬಸಪ್ಪ ನನ್ನನ್ನು ಪಕ್ಕಕ್ಕೆ ಕರೆದು ನಡೆದದ್ದು ಹೇಳಿದ. ಗಲಭೆಯಾದ ದಿನ ಅವನು ಕಾಳು ಮಾರಲು ಮುಂಡರಗಿಗೆ ಬಂದಿದ್ದ. ಗಂಗಾ ಮಗಳನ್ನೆತ್ತಿಕೊಂಡು ಓಣಿಯವರ ಜೊತೆ ಹೊರಟುಬಂದಳು. ನಡೆಯಲಾರದ ಅವನ ತಾಯಿ ಬರುವುದಿಲ್ಲವೆಂದು ಹಟ ಹಿಡಿದಳಂತೆ; ಬಂದ ದಿನ ಗಂಗಾ ಇಷ್ಟು ಹೇಳಿದ್ದೇ ಕೊನೆ. ಆಕೆಯ ಸುದ್ದಿ ಇನ್ನೂ ಸಿಕ್ಕಿರಲಿಲ್ಲ.

ಬಂದುಹೋಗುವ ಹೆಂಗಸರೆಲ್ಲ ಗಂಗಾಳಿಗೆ ಒಂದೇ ಮಾತು ಹೇಳುತ್ತಿದ್ದರು: "ಜೀವ ಉಳದೈತಿ, ಅದ ದೊಡ್ಡದು. ಮರ್ತುಬಿಡವಾ." ಪ್ರತಿ ಸಲವೂ ಅವಳು ಗೋಡೆಯ ಕಡೆಗೆ ಇನ್ನಷ್ಟು ಸರಿಯುವುದನ್ನು ನೋಡಿದೆ. ನಾನು ಹೊಂದಿಸಿ ತಂದ ಮಾತುಗಳೂ ಅಂಥವೇ. ಹೇಳಲು ಧೈರ್ಯ ಬರಲಿಲ್ಲ. ಅಡಿಗೆಯವರು ಕೊಟ್ಟ ತೊಗರಿಬೇಳೆಯ ಮೊರವನ್ನು ಇಬ್ಬರ ನಡುವೆ ಇಟ್ಟುಕೊಂಡು ಹರಳು ಆರಿಸುತ್ತ ಕುಳಿತೆ. ಕತ್ತಲಾಗುವವರೆಗೆ ಅವಳು ಮಾತಾಡಲಿಲ್ಲ. ನನ್ನಿಂದ ಏನೂ ಆಗುವುದಿಲ್ಲವೆಂದು ಹೆದರಿಕೊಂಡೇ ಅಲ್ಲೇ ಮಲಗಿದೆ.

ಮರುದಿನವೂ ಮೊರ ಹಿಡಿದು ಕುಳಿತೆ. ಸ್ವಲ್ಪ ಹೊತ್ತಿಗೆ ಅವಳ ಕೈಯೂ ಬೇಳೆಗೆ ಬಂತು. ತಲೆಯೆತ್ತದೆ ಹೇಳಿದಳು:

"ಅತ್ತಿ ಬರೂದಿಲ್ಲ ಅಂದ್ಲು ಅಂತ ನಾ ಹೇಳಿದ್ದು ಸುಳ್ಳು. ಹಿಂದಿಂದ ಕರದ್ಲು. ನನಗ ಕೇಳಿಸ್ತು. ನಾ ಹೊಳ್ಳಿ ನೋಡ್ಲಿಲ್ಲ, ಪದ್ಮಾ."

ನಿನ್ನ ತಪ್ಪಲ್ಲ ಎಂಬ ಮಾತು ನನ್ನ ತುಟಿಯವರೆಗೆ ಬಂತು. ಅದನ್ನು ಆಡಿದರೆ ಅವಳ ಬಾಯಿ ಮತ್ತೆ ಮುಚ್ಚೀತೆಂದು ಹೆದರಿದೆ.

"ಆಮ್ಯಾಲ?" ಎಂದೆ.

ಆಮೇಲೆ ಅವಳು ಎಲ್ಲ ಹೇಳಿದಳು. ಅಳದಂತೆ ಮಗಳ ಬಾಯಿ ಒತ್ತಿ ಹಿಡಿದದ್ದು, ಹಳ್ಳದಲ್ಲಿ ಮೊಣಕಾಲವರೆಗೆ ನೀರಿದ್ದದ್ದು, ಅತ್ತೆಯ ದನಿ ದಾರಿಯುದ್ದಕ್ಕೂ ಕಿವಿಯಲ್ಲಿದ್ದದ್ದು. ಹೇಳುತ್ತ ಹೇಳುತ್ತ ಅತ್ತಳು. ನಾನೂ ಅತ್ತೆ. ಮಧ್ಯಾಹ್ನ ಬಸಪ್ಪನನ್ನು ತಾನೇ ಕರೆದು ಕೂರಿಸಿಕೊಂಡು ಅವನಿಗೂ ಹೇಳಿದಳು. ಕೇಳಿ ಮುಗಿದ ಮೇಲೆ ಅವನು ಎದ್ದು ಹೋಗಿ ಅವಳಿಗೆ ರೊಟ್ಟಿ ತಂದಿಟ್ಟ. ಅವಳು ಅರ್ಧ ತಿಂದಳು.

ಸಂಜೆ ಮಗಳನ್ನೂ ಕರೆದುಕೊಂಡು ನನ್ನನ್ನು ಬಸ್ಸಿಗೆ ಕಳಿಸಲು ಬಂದವಳು ನನ್ನ ಕೈ ಹಿಡಿದು ಕೇಳಿದಳು: "ಅತ್ತಿ ಬದುಕಿರ್ತಾಳಂತೀ?"

"ನನಗ ಗೊತ್ತಿಲ್ಲ, ಗಂಗಾ."

ಅವಳು ಕೈ ಬಿಡಲಿಲ್ಲ. ಕಂಡಕ್ಟರ್ ಸೀಟಿ ಊದುವವರೆಗೂ ಹಿಡಿದೇ ಇದ್ದಳು.

ನಿಜಾಮನ ಸೀಮೆ ದೇಶಕ್ಕೆ ಸೇರಿ, ದಸರೆ ಕಳೆದ ಮೇಲೆ, ಬಸಪ್ಪ ಊರಿಗೆ ಹೋಗಿ ನೋಡಿದ. ತಾಯಿ ತೀರಿಕೊಂಡಿದ್ದಳು. ಅದನ್ನು ನನಗೆ ಹೇಳಲು ಗಂಗಾ ತಾನೇ ಬೆಟಗೇರಿಗೆ ಬಂದು ಎರಡು ದಿನ ನನ್ನೊಂದಿಗಿದ್ದು ಹೋದಳು. ಮುಂದೆ ನಾನು ಮುಂಬಯಿಗೆ ಹೋಗಿ ಮನಸ್ಸು ನೊಂದವರೊಡನೆ ಕೆಲಸ ಮಾಡುವುದನ್ನು ಕಲಿತೆ. ಕರ್ನಾಟಕ ಒಂದಾದ ವರ್ಷ ಗದಗಿಗೆ ಮರಳಿ ಅದೇ ಕೆಲಸ ಹಿಡಿದೆ.

ಆದರೆ ಆ ಸಂಜೆ ಇದಾವುದೂ ಗೊತ್ತಿರಲಿಲ್ಲ. ಒಂದು ಸಮಾಧಾನದ ಮಾತನ್ನೂ ಹೇಳದೆ ಬಂದೆನಲ್ಲ ಎಂದು ಕೊರಗುತ್ತಿದ್ದೆ. ಕಿಟಕಿಯಿಂದ ಹಿಂತಿರುಗಿ ನೋಡಿದೆ. ಗಂಗಾ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕುಳಿತು, ಮಗಳ ಬಿಚ್ಚಿದ ಜಡೆಯನ್ನು ಹೆಣೆಯುತ್ತಿದ್ದಳು.