ದೊಡ್ಡಪ್ಪ ಮೌನ ಕೇಳಲು ಲಂಡನ್ನಿಗೆ ಹೋದದ್ದು

ಪಾಂಡವಪುರದಲ್ಲಿ ನಾನಿರುವ ಬೀದಿಯಲ್ಲಿ ಬಹುತೇಕ ಎಲ್ಲರ ಮನೆಯಲ್ಲೂ ಸೀಮೆಹಸು ಇದೆ. ಬೆಳಿಗ್ಗೆ ಎದ್ದರೆ ಪಕ್ಕದವರು ಮೇವು ಕತ್ತರಿಸುವ ಯಂತ್ರಕ್ಕೆ ಹಸಿ ಹುಲ್ಲು ತುರುಕುತ್ತಿರುತ್ತಾರೆ. ಆ ವಾಸನೆ ಕಿಟಕಿ ದಾಟಿ ಒಳಗೆ ಬಂದದ್ದೇ ತಡ, ನನಗೆ ಸಾಲಾಗಿ ಸೀನು ಹಿಡಿಯುತ್ತದೆ. ಅಡುಗೆಮನೆಯಿಂದ ನನ್ನ ಹೆಂಡತಿ, "ಶುರುವಾಯ್ತು ನಿಮ್ಮ ಕಛೇರಿ" ಅನ್ನುತ್ತಾಳೆ. ಇವತ್ತೂ ಅದೇ ಆಯಿತು. ಸೀನಿ ಸೀನಿ ಕಣ್ಣಲ್ಲಿ ನೀರು ತುಂಬಿಕೊಂಡು ಕೂತಾಗ ನನಗೆ ನೆನಪಾದದ್ದು ಲಂಡನ್ನು. ನಗಬೇಡಿ. ಉಳಿದವರಿಗೆ ಲಂಡನ್ ಅಂದರೆ ಗಡಿಯಾರದ ಗೋಪುರ, ಕೆಂಪು ಬಸ್ಸು, ನದಿಯ ಸೇತುವೆ. ನನಗೆ ಅದು ಕತ್ತರಿಸಿದ ಹುಲ್ಲಿನ ವಾಸನೆ ಮತ್ತು ನನ್ನ ದೊಡ್ಡಪ್ಪ.

ದೊಡ್ಡಪ್ಪ ಹೊಣಕೆರೆಯವನು. ನಮ್ಮದು ಆಚಾರಿಗಳ ಮನೆತನ. ಅಪ್ಪ ಮರದ ಕೆಲಸ ಹಿಡಿದ, ನಾನು ಯಾವ ಕೆಲಸವೂ ಬಾರದೆ ಸರ್ಕಾರಿ ಕಚೇರಿಯ ಫ್ಯಾನಿನ ಕೆಳಗೆ ಕೂತೆ, ದೊಡ್ಡಪ್ಪ ಮಾತ್ರ ಕುಲುಮೆ ಬಿಡಲಿಲ್ಲ. ಕುಡುಗೋಲು, ಗುದ್ದಲಿ, ನೇಗಿಲಿನ ಗುಳ ಅಂತ ಶುರುಮಾಡಿದವನು ಆಮೇಲೆ ಟ್ರಾಕ್ಟರಿಗೆ ಟ್ರೈಲರು ಕಟ್ಟುವಷ್ಟು ದೊಡ್ಡವನಾದ. ಕಬ್ಬಿನ ಕಾಲದಲ್ಲಿ ಅವನ ಶೆಡ್ಡಿನ ಮುಂದೆ ಟ್ರೈಲರುಗಳು ಸಾಲುಗಟ್ಟುತ್ತಿದ್ದವು. ಜೀವಮಾನವೆಲ್ಲ ಕಬ್ಬಿಣ ಬಡಿದವನ ಕಿವಿ ಏನಾಗಬೇಕೋ ಅದೇ ಆಯಿತು. ಮೊದಲು ಎಡಗಿವಿ ಹೋಯಿತು. ಬಲಗಿವಿ ಅರ್ಧ ಉಳಿಯಿತು. ಕೇಳಿಸದವನು ಜೋರಾಗಿ ಮಾತಾಡುತ್ತಾನಲ್ಲ, ಹಾಗಾಗಿ ದೊಡ್ಡಪ್ಪನ ಮನೆಯಲ್ಲಿ ಗುಟ್ಟು ಅನ್ನುವುದೇ ಇರಲಿಲ್ಲ. ನನಗೆ ಹೆಣ್ಣು ನೋಡಲು ಹೋದ ದಿನ "ಉಡ್ಗಿ ಚೆಂದಾಗವ್ಳೆ, ಅಪ್ಪ ಮಾತ್ರ ಜಿಪುಣ ಕಣ್ಲಾ" ಎಂದು ಅವನು ನನ್ನ ಕಿವಿಯಲ್ಲಿ ಪಿಸುಗುಟ್ಟಿದ್ದನ್ನು ಕೇಳಿದವರಲ್ಲಿ ಆ ಜಿಪುಣ ಅಪ್ಪನೂ ಒಬ್ಬರು. ಆದರೂ ಮದುವೆಯಾಯಿತು. ಈಗ ನನ್ನ ಸೀನಿಗೆ ಕಛೇರಿ ಅನ್ನುವವಳು ಅವಳೇ.

ಟೆನಿಸ್ ಅವನ ಬದುಕಿಗೆ ಬಂದದ್ದು ಆಕಸ್ಮಿಕ. ಒಂದು ಸಂಜೆ ಟೀವಿಯ ಸದ್ದನ್ನು ಪೂರ್ತಿ ಏರಿಸಿಕೊಂಡು ಏನನ್ನೋ ಹುಡುಕುತ್ತಿದ್ದಾಗ ಲಂಡನ್ನಿನ ಹಸಿರು ಹುಲ್ಲಿನ ಮೇಲೆ ಬಿಳಿ ಬಟ್ಟೆ ತೊಟ್ಟ ಇಬ್ಬರು ಆಡುತ್ತಿದ್ದರು. ಚೆಂಡು ಬಡಿಯುವುದು ಕೇಳುತ್ತಿತ್ತು, ಚಪ್ಪಾಳೆ ಕೇಳುತ್ತಿತ್ತು, ನಡುವೆ ಏನೂ ಇಲ್ಲ. ದೊಡ್ಡಪ್ಪ ಎದ್ದು ಟೀವಿಯ ನೆತ್ತಿಗೆ ಎರಡು ಬಡಿದ. ನಾನು ಅಲ್ಲೇ ಇದ್ದೆ.

"ಸೌಂಡು ಓಯ್ತೇನ್ಲಾ? ಇಲ್ಲ, ನನ್ ಇನ್ನೊಂದ್ ಕಿವೀನೂ ಓಯ್ತಾ?"

"ಎರಡೂ ಹೋಗಿಲ್ಲ ದೊಡ್ಡಪ್ಪ. ಆಟಗಾರ ಚೆಂಡು ಹೊಡೆಯುವ ಮುಂಚೆ ಜನ ಸುಮ್ಮನಿರಬೇಕು. ಅದು ಅಲ್ಲಿನ ಪದ್ಧತಿ."

"ಅಷ್ಟೂ ಜನ್ವಾ?"

"ಅಷ್ಟೂ ಜನ."

"ಒಬ್ರೂ ಕೆಮ್ಮಕಿಲ್ವಾ? ಒಂದ್ ಮಗೂನೂ ಅಳಕಿಲ್ವಾ? ಬುಡ್ಲಾ, ಟೀವಿಯವ್ರು ಸೌಂಡ್ ಕಿತ್ತಾಕ್ತಾವ್ರೆ."

ಅವನ ಅನುಮಾನ ನ್ಯಾಯವಾದದ್ದೇ. ನಮ್ಮ ಕಡೆ ಕಬಡ್ಡಿ ಪಂದ್ಯ ನೋಡಿದವರಿಗೆ ಗೊತ್ತು. ಮೈಕಿನವನು ಒಂದು ಕ್ಷಣ ಬಾಯಿ ಮುಚ್ಚಿದರೆ ಕರೆಂಟು ಹೋಯಿತೆಂದು ಜನ ಎದ್ದು ನಿಲ್ಲುತ್ತಾರೆ. ಸಿಂಧಘಟ್ಟದ ಕಡೆ ಒಮ್ಮೆ ಯಾರೋ ಹಿರಿಯರು ತೀರಿಕೊಂಡರೆಂದು ಪಂದ್ಯಕ್ಕೆ ಮುಂಚೆ ಮೌನ ಆಚರಿಸಿದರು. ಆ ಮೌನದಲ್ಲಿ ನಾನು ಫೋನಿನ ಸದ್ದು ಕೇಳಿದೆ, ಕಡಲೆಕಾಯಿ ಮಾರುವವನ ಕೂಗು ಕೇಳಿದೆ, ಸತ್ತವರ ಬಗ್ಗೆ ಎರಡು ಬೇರೆ ಬೇರೆ ಅಭಿಪ್ರಾಯ ಕೇಳಿದೆ. ಅಂಥ ಸೀಮೆಯಲ್ಲಿ ಬೆಳೆದವನಿಗೆ ಸಾವಿರಾರು ಜನ ತಾವಾಗಿಯೇ ಸುಮ್ಮನಿರುತ್ತಾರೆ ಅಂದರೆ ಹೇಗೆ ನಂಬಿಕೆ ಬರಬೇಕು? ಅವತ್ತಿನಿಂದ ದೊಡ್ಡಪ್ಪ ಆಟ ನೋಡುವುದು ಬಿಟ್ಟು ಜನರನ್ನು ನೋಡತೊಡಗಿದ. ಯಾರ ತುಟಿ ಅಲುಗುತ್ತದೆ ಅಂತ ಟೀವಿಗೆ ಮುಖ ಇಟ್ಟುಕೊಂಡು ಕಾಯುತ್ತಿದ್ದ.

ಆ ವರ್ಷವೇ ಅವನನ್ನು ಮೈಸೂರಿನ ಕಿವಿ ಡಾಕ್ಟರರಿಗೆ ತೋರಿಸಿದೆವು. ಉಳಿದ ಕಿವಿಯೂ ನಿಲ್ಲುವುದಿಲ್ಲ, ಬೇಗ ಹೋಗಬಹುದು ಎಂದು ಅವರು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು. ದೊಡ್ಡಪ್ಪನಿಗೆ ಮಾತು ಕೇಳದಿದ್ದರೂ ನನ್ನ ಮುಖ ಕಂಡಿತು. ವಾಪಸು ಬರುವಾಗ ಗಂಜಾಮಿನ ಹೊಳೆ ದಡದಲ್ಲಿ ಕಾರು ನಿಲ್ಲಿಸಿ ನಿಮಿಷಾಂಬೆಗೆ ಕೈಮುಗಿದು ಮೆಟ್ಟಿಲ ಮೇಲೆ ಕೂತೆವು. ನೀರು ಹರಿಯುವುದನ್ನು ಬಲಗಿವಿ ತಿರುಗಿಸಿ ಸ್ವಲ್ಪ ಹೊತ್ತು ಕೇಳಿದ.

"ನನ್ನ ಅಲ್ಲಿಗ್ ಕರ್ಕಂಡೋಗ್ಲಾ," ಅಂದ.

"ಎಲ್ಲಿಗೆ?"

"ಆ ಸುಮ್ಕಿರೋ ಜನದ್ ತಾವ್ಕೆ."

ನಾನು ಜಾಣನಂತೆ ನಕ್ಕೆ. ಕಿವಿ ಹೋದ ಮೇಲೆ ಹೇಗೂ ಎಲ್ಲ ಕಡೆಯೂ ಮೌನವೇ ಅಲ್ಲವೆ, ಅದಕ್ಕೆ ಲಂಡನ್ ಯಾಕೆ, ಎಂದೂ ಬಾಯಿತಪ್ಪಿ ಅಂದುಬಿಟ್ಟೆ. ಅವನು ಬೇಸರ ಮಾಡಿಕೊಳ್ಳಲಿಲ್ಲ. "ಅದು ಬ್ಯಾರೆ ಕಣ್ಲಾ. ನಂಗ್ ಕೇಳ್ದೆ ಇರೋದು ಒಂದು, ಅವ್ರು ಮಾಡ್ದೆ ಇರೋದು ಒಂದು. ಕಿವಿ ಓದ್ಮ್ಯಾಲೆ ಎರಡ್ನೂ ಎಂಗ್ ಬ್ಯಾರೆ ಮಾಡ್ಲಿ? ಇರೋವಾಗ್ಲೇ ಕೇಳ್ಬುಡ್ಬೇಕು." ಮೌನ ಕೇಳಲಿಕ್ಕೂ ಒಳ್ಳೆಯ ಕಿವಿ ಬೇಕು ಎಂಬುದನ್ನು ನಾನು ಯಾವತ್ತೂ ಯೋಚಿಸಿರಲೇ ಇಲ್ಲ.

ಈಗ ಪ್ರವಾಸ ಮತ್ತು ಪಂದ್ಯ ಎರಡನ್ನೂ ಒಂದೇ ಕಟ್ಟಿನಲ್ಲಿ ಮಾರುವವರಿದ್ದಾರೆ. ನಾವು ಹಿಡಿದ ಮೈಸೂರಿನ ಏಜೆಂಟು, ಅದೇ ಹೊತ್ತಿಗೆ ಅಲ್ಲಿ ಕ್ರಿಕೆಟ್ಟೂ ಇದೆ, ನಮ್ಮವರದೇ ಆಟ, ಟಿಕೆಟ್ಟೂ ಸಲೀಸು ಎಂದು ಬಹಳ ಆಸೆ ತೋರಿಸಿದ. ನಿಜ ಹೇಳಬೇಕೆಂದರೆ ನನ್ನ ಬಾಯಲ್ಲಿ ನೀರೂರಿತು. ದೊಡ್ಡಪ್ಪ ಮಾತ್ರ, "ಗಲಾಟೆ ಕೇಳಕ್ಕೆ ಇಮಾನ ಯಾಕಪ್ಪ ಅತ್ಬೇಕು, ಕೆ.ಆರ್. ಪೇಟೆ ಸಂತೆ ಸಾಲ್ದಾ?" ಎಂದುಬಿಟ್ಟ. ಕೂಡಿಟ್ಟದ್ದನ್ನು ತೆಗೆದ. ಹೊಸ ಪಂಚೆ ಬೇಡವೆಂದು ಪ್ಯಾಂಟು ಹೊಲಿಸಿದ. ದೊಡ್ಡಮ್ಮ ಚಕ್ಕುಲಿ, ಹುರಿಹಿಟ್ಟು ಕಟ್ಟಿಕೊಟ್ಟಳು. ಊರಲ್ಲಿ ಯಾರಾದರೂ ಯಾಕೆ ಹೋಗುತ್ತಿದ್ದೀಯ ಅಂದರೆ "ಕೇಳ್ಕಂಡ್ ಬರಕ್ಕೆ" ಅನ್ನುತ್ತಿದ್ದ. ಬಹಳ ಜನ ಯಾವುದೋ ಶಾಸ್ತ್ರ ಕೇಳಲು ಹೋಗುತ್ತಿದ್ದಾನೆ ಎಂದೇ ತಿಳಿದರು.

ಲಂಡನ್ನಿನ ಗೋಪುರ, ಅರಮನೆಗಳನ್ನೆಲ್ಲ ನಮ್ಮ ಗುಂಪು ನೋಡಿತು. ದೊಡ್ಡಪ್ಪ ಅರಮನೆಯ ಗೇಟಿನ ಬೆಸುಗೆಯನ್ನು ಮೆಚ್ಚಿದ, ಉಳಿದದ್ದಕ್ಕೆ ಹೂಂಗುಟ್ಟಿದ. ಪಂದ್ಯದ ದಿನ ನಾವು ದೊಡ್ಡ ಅಂಕಣದ ಮೇಲುಸಾಲಿನಲ್ಲಿ ಕೂತೆವು. ಕೆಳಗೆ ಅಷ್ಟಗಲ ಹಸಿರು. ಆಗತಾನೆ ಕತ್ತರಿಸಿದ ಹುಲ್ಲು. ನನ್ನ ಮೂಗು ತುರಿಸತೊಡಗಿತು. ಇಷ್ಟು ದಿನ ದೊಡ್ಡಪ್ಪನ ಕಿವಿಯ ಚಿಂತೆಯಲ್ಲಿ ನನ್ನ ಮೂಗನ್ನೇ ಮರೆತಿದ್ದೆ. ಕರ್ಚೀಫು ಒತ್ತಿ ಹಿಡಿದು ಕೂತೆ.

ದೊಡ್ಡಪ್ಪ ಮೈಸೂರಿನ ಡಾಕ್ಟರು ಕೊಟ್ಟಿದ್ದ ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿಕೊಂಡ. "ಇದ್ರದ್ದೇ ಪೀಂ ಅಂತದೆ," ಅಂದ. ಮೊದಲ ಆಟಗಳು ಅವನಿಗೆ ದಕ್ಕಲಿಲ್ಲ. ಒಂದು ಸಲ ವಿಮಾನ ಹಾದುಹೋಯಿತು, ಇನ್ನೊಂದು ಸಲ ಹಿಂದಿನ ಸಾಲಿನವರು ಏನೋ ಪೊಟ್ಟಣ ಬಿಚ್ಚಿದರು. "ಇನ್ನೂ ಸರ್ಯಾಗ್ ಬತ್ತಿಲ್ಲ," ಎನ್ನುತ್ತ ಬಲಗಿವಿಯನ್ನು ಅಂಕಣದ ಕಡೆ ಮಾಡಿ ಕಾಯುತ್ತಿದ್ದ. ಆಟ ಬಿಗಿಯಾಯಿತು. ಗಡ್ಡದ ಹುಡುಗನೊಬ್ಬ ಚೆಂಡನ್ನು ನೆಲಕ್ಕೆ ಪುಟಿಸುತ್ತ ನಿಂತ. ಅಷ್ಟು ಜನವೂ ಒಮ್ಮೆಲೇ ನಿಂತ ನೀರಾದರು. ದೊಡ್ಡಪ್ಪನ ಕಣ್ಣು ದೊಡ್ಡದಾಯಿತು. ಸರಿಯಾಗಿ ಆಗಲೇ ನಾನು ಸೀನಿದೆ.

ಸಾಲು ಸೀನು ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ನಾನು ಮರ್ಯಾದೆಗೆ ಹೆದರಿ ಉಳಿದವನ್ನೆಲ್ಲ ನುಂಗಿಕೊಂಡದ್ದರಿಂದ ಹೊರಬಂದದ್ದು ಒಂದೇ. ಒಂಟಿ ಸೀನು ಅಂದರೆ ನಮ್ಮಲ್ಲಿ ಅಪಶಕುನ, ಕುಲುಮೆಯಲ್ಲಂತೂ ಕಟ್ಟುನಿಟ್ಟು. ಕಾದ ಕಬ್ಬಿಣ ಎತ್ತುವ ಹೊತ್ತಿಗೆ ಯಾರಾದರೂ ಒಂಟಿ ಸೀನಿದರೆ ಕಬ್ಬಿಣ ಮತ್ತೆ ಬೆಂಕಿಗೆ ಹೋಗಬೇಕು, ಎಲ್ಲರೂ ಒಂದು ಗುಟುಕು ನೀರು ಕುಡಿದು ಸುಧಾರಿಸಿಕೊಂಡೇ ಮುಂದಿನ ಏಟು. ದೊಡ್ಡಪ್ಪ ಜೀವಮಾನದಲ್ಲಿ ಈ ನಿಯಮ ಮುರಿದವನಲ್ಲ. ಆ ಹುಡುಗ ಚೆಂಡನ್ನು ಮೇಲಕ್ಕೆ ಎಸೆದದ್ದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಹೊಣಕೆರೆಯ ಶೆಡ್ಡಿನಿಂದ ರಸ್ತೆಯಾಚೆಗೆ ಕೂಗುವ ಅದೇ ಗಂಟಲಲ್ಲಿ ಕೂಗಿದ.

"ತಡೀಲಾ ಮಗಾ, ಒಡೀಬ್ಯಾಡ. ಒಂಟಿ ಸೀನು."

ಹುಡುಗ ಚೆಂಡನ್ನು ಕೈಯಲ್ಲಿ ಹಿಡಿದುಬಿಟ್ಟ. ಎಲ್ಲ ತಲೆಗಳೂ ನಮ್ಮ ಕಡೆ ತಿರುಗಿದವು. ನನಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಆಮೇಲೆ ಎಲ್ಲಿಂದಲೋ ಒಬ್ಬರು ನಕ್ಕರು, ಆ ನಗು ಇಡೀ ಅಂಕಣ ಸುತ್ತಿ ಬಂತು. ಆಟಗಾರ ನಮ್ಮತ್ತ ನೋಡಿ ತಾನೂ ನಕ್ಕು, ಹಿಂದಕ್ಕೆ ಹೋಗಿ ಟವಲಿನಿಂದ ಮುಖ ಒರೆಸಿಕೊಂಡ. ದೊಡ್ಡಪ್ಪನಿಗೆ ಸಮಾಧಾನವಾಯಿತು. "ತಿಳಿದೋನು. ಈಗ ಒಡೀಲಿ ಬುಡು," ಎಂದು ಕೂತ. ಅಷ್ಟರಲ್ಲಿ ಟೋಪಿ ತೊಟ್ಟ ಕಾವಲಿನವರೊಬ್ಬರು ಬಂದು ನನ್ನ ಪಕ್ಕ ಬಗ್ಗಿ, ಇನ್ನೊಮ್ಮೆ ಸದ್ದಾದರೆ ಇಬ್ಬರೂ ಹೊರಗೆ ನಡೆಯಬೇಕಾಗುತ್ತದೆ ಎಂದು ಬಹಳ ವಿನಯದಿಂದ ಹೇಳಿ ಅಲ್ಲೇ ಮೆಟ್ಟಿಲ ಮೇಲೆ ನಿಂತರು. ಏನಂತೆ ಎಂದು ದೊಡ್ಡಪ್ಪ ಕಣ್ಣಲ್ಲೇ ಕೇಳಿದ. ನಾನು ತುಟಿಯ ಮೇಲೆ ಬೆರಳಿಟ್ಟು ಬಾಗಿಲು ತೋರಿಸಿದೆ. ಅವನ ಮುಖ ಸಣ್ಣದಾಯಿತು. ಇಷ್ಟು ದೂರ ಬಂದು, ಬಾಗಿಲವರೆಗೆ ಬಂದ ಭಾಗ್ಯವನ್ನು ತಾನೇ ಕೂಗಿ ಓಡಿಸಿದೆನೇನೋ ಎಂಬಂತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಹುಡುಗ ಮತ್ತೆ ಚೆಂಡು ಪುಟಿಸಿದ. ದೊಡ್ಡಪ್ಪ ಕಣ್ಣು ಮುಚ್ಚಿ, ಬಲಗಿವಿಯನ್ನು ಮುಂದೆ ಚಾಚಿದ. ಎಷ್ಟು ಹೊತ್ತೋ. ಚೆಂಡು ಬಿತ್ತು, ಜನ ಎದ್ದು ಚಪ್ಪಾಳೆ ತಟ್ಟಿದರು, ಅವನು ಮಾತ್ರ ಹಾಗೇ ಕೂತಿದ್ದ. ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಕೇಳ್ತು ಕಣ್ಲಾ," ಅಂದ. "ಟೀವಿಯವ್ರು ಮೋಸ ಮಾಡಿಲ್ಲ."

"ಏನು ಕೇಳಿಸ್ತು?" ಅವನ ಕಿವಿಗೆ ಬಾಯಿಟ್ಟು ಕೇಳಿದೆ.

"ಉಸ್ರು ಇಡ್ಕಂಡಿದ್ದು. ಸುತ್ಗೆ ಎತ್ದಾಗ ಎದ್ರುಗಡೆ ಇಕ್ಳ ಇಡ್ದೋನು ಉಸ್ರು ಇಡೀತಾನಲ್ಲ, ಅದು. ನಾನು ಒಬ್ಬುಂದ್ ಮಾತ್ರ ಕೇಳಿದ್ದೆ. ಇಲ್ಲಿ ಊರಿಗ್ ಊರೇ ಇಡ್ಕಂಡಿತ್ತು."

ಆ ಪಂದ್ಯ ಯಾರು ಗೆದ್ದರೆಂದು ಅವನು ಕೇಳಲೂ ಇಲ್ಲ.

ಈಗ ಆ ಬಲಗಿವಿಯೂ ನಿಂತುಹೋಗಿದೆ. ಇವತ್ತು ಮೂಗು ಶಾಂತವಾದ ಮೇಲೆ ಅವನನ್ನು ನೋಡಬೇಕೆನ್ನಿಸಿ ನಾಗಮಂಗಲದ ಕಡೆಯ ಬಸ್ಸು ಹತ್ತಿ ಹೊಣಕೆರೆಗೆ ಬಂದೆ. ದೊಡ್ಡಪ್ಪ ಬೆಂಚಿನ ಮೇಲೆ ಕೂತು ಟೆನಿಸ್ ನೋಡುತ್ತಿದ್ದ. ಕೇಳಿಸದವನಿಗೆ ಯಾಕೆಂದು ಮನೆಯವರು ಟೀವಿಯ ಸದ್ದನ್ನು ಪೂರ್ತಿ ಇಳಿಸಿದ್ದರು. ಒಳಗೆ ದೊಡ್ಡಮ್ಮ ಮಿಕ್ಸಿಯಲ್ಲಿ ಮಸಾಲೆ ರುಬ್ಬುತ್ತಿದ್ದಳು, ಬೀದಿಯಲ್ಲಿ ಯಾರದೋ ಟ್ರಾಕ್ಟರು ಹಾಡು ಹಾಕಿಕೊಂಡು ಹೋಗುತ್ತಿತ್ತು. ಪರದೆಯ ಮೇಲೆ ಆಟಗಾರ ಚೆಂಡು ಪುಟಿಸಿದ. ದೊಡ್ಡಪ್ಪ ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದ. ಅವನ ಮುಖ ಅವತ್ತಿನ ಹಾಗೇ ಮುಂದೆ ಚಾಚಿತ್ತು.

ಚೆಂಡು ಬಿದ್ದ ಮೇಲೆ ನಾನು ಕಿವಿ ಮುಟ್ಟಿ ತೋರಿಸಿ, ಏನು ಕೇಳುತ್ತಿದೆ ಎಂದು ಸನ್ನೆ ಮಾಡಿದೆ.

"ಅದೇ ಕಣ್ಲಾ, ಅವತ್ತಿಂದು. ಅದೊಂದ್ ಮಾತ್ರ ಓಗಿಲ್ಲ. ನಿಂಗ್ ಗೊತ್ತಲ್ಲ, ನೀನೂ ಪಕ್ದಲ್ಲೇ ಕೂತಿದ್ದೆ."

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಹುಲ್ಲಿನ ವಾಸನೆ ಸಿಕ್ಕಿತು. ಕಾವಲಿನವರ ಹೊಳೆಯುವ ಬೂಟು ಸಿಕ್ಕಿತು. ಮೂಗಿನ ಮೇಲೆ ಒತ್ತಿ ಹಿಡಿದ ಕರ್ಚೀಫು ಸಿಕ್ಕಿತು. ಆ ಮೌನ ಮಾತ್ರ ಎಲ್ಲಿ ತಡಕಿದರೂ ಸಿಗಲಿಲ್ಲ. ನಾನು ಇಲ್ಲವೆಂದು ತಲೆಯಾಡಿಸಿದೆ.

ದೊಡ್ಡಪ್ಪ ನನ್ನನ್ನು ಬಹಳ ಹೊತ್ತು ನೋಡಿದ. ಕಿವಿ ಹೋದವನೆಂದು ಇಷ್ಟು ದಿನ ನಾವೆಲ್ಲ ಅವನನ್ನು ನೋಡುತ್ತಿದ್ದ ನೋಟವದು.

"ಅಯ್ಯೋ ಪಾಪ," ಅಂದ. "ಅಷ್ಟ್ ದೂರ ಬಂದು ಕೇಳ್ನಿಲ್ವೇನ್ಲಾ?" ಆಮೇಲೆ ಬೆಂಚಿನ ಮೇಲೆ ಸ್ವಲ್ಪ ಸರಿದು, ತನ್ನ ಬಲಗಡೆ ನನಗೆ ಜಾಗ ಮಾಡಿಕೊಟ್ಟ.