ಅಪ್ಪನ ಗಂಜಿ ಬಣ್ಣದ ಆಕಾಶ

ಆಕಾಶ ನೀಲಿ ಎಂದು ಒಪ್ಪಿಸಲು ನಾನು ಗಂಟಲು ಹರಿದುಕೊಂಡದ್ದು ತರಗತಿಯಲ್ಲಿ ಅಲ್ಲ, ಅಪ್ಪನ ಮುಂದೆ. ನಾನು ಸಂಡೂರಿನಲ್ಲಿ ವಿಜ್ಞಾನದ ಟೀಚರ್. ಅಪ್ಪನದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಇಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ.

ಆ ಭಾನುವಾರ ಊರಿಗೆ ಬಂದರೆ ಮನೆಯಲ್ಲಿ ಸೂತಕದ ಕಳೆ. ಬುಕ್ಕಸಾಗರದ ರೈತರೊಬ್ಬರು, ಅಪ್ಪನ ಮೂವತ್ತು ವರ್ಷದ ಗೆಳೆಯ, ಹಿಂದಿನ ವಾರ ಭತ್ತ ತಂದಿದ್ದರಂತೆ. ಅಪ್ಪ ನಾಲ್ಕು ಕಾಳು ಅಂಗೈಯಲ್ಲಿ ಉಜ್ಜಿ, ಸಿಪ್ಪೆ ಊದಿ, "ಅಕ್ಕಿ ಹಳದಿ ತಿರುಗೈತಿ. ಮಳ್ಯಾಗ ನೆಂದಿದ್ದನ್ನ ಒಣಗಿಸ್ಕೊಂಡು ನನ್ನ ತಲಿಗೆ ಕಟ್ಟಾಕ ಬಂದೀಯೇನಲೇ ಕಳ್ಳ?" ಎಂದರಂತೆ, ಹಮಾಲರೆಲ್ಲರ ಎದುರಿಗೆ. ಅವರು ಚೀಲಗಳನ್ನು ವಾಪಸ್ ಟ್ರ್ಯಾಕ್ಟರಿಗೆ ಹೇರಿಸಿಕೊಂಡು ಹೋದರಂತೆ. ಅಂದಿನಿಂದ ಸಂಜೆ ಚಹಾಕ್ಕೂ ಬಂದಿಲ್ಲ. ಅಪ್ಪ ಮಾತ್ರ ಎರಡು ಲೋಟ ಮುಂದಿಟ್ಟುಕೊಂಡು ಕೂರುತ್ತಾರೆ, ಕೊನೆಗೆ ಎರಡನ್ನೂ ತಾವೇ ಕುಡಿಯುತ್ತಾರೆ. ಇದೆಲ್ಲ ಅಮ್ಮ ಹೇಳಿದ್ದು.

ಅವರ ಮನಸ್ಸು ಬೇರೆ ಕಡೆ ತಿರುಗಲಿ ಎಂದು, ಸೋಮವಾರದ ಪಾಠದ ನೆಪ ಹೇಳಿ ಅಪ್ಪನನ್ನೇ ವಿದ್ಯಾರ್ಥಿ ಮಾಡಿಕೊಂಡೆ. ಕಿಟಕಿ ಮುಚ್ಚಿ, ಗಾಜಿನ ಲೋಟದ ನೀರಿಗೆ ಹಾಲು ಬೆರೆಸಿ, ಒಂದು ಬದಿಯಿಂದ ಟಾರ್ಚ್ ಬಿಟ್ಟೆ. ನಮ್ಮದು ಎಮ್ಮೆ ಹಾಲು. ಮೊದಲ ಸಲ ಬರೀ ಪಾಯಸವಾಯಿತು. ಎರಡನೇ ಸಲ ಎರಡೇ ಹನಿ ಹಾಕಿದೆ.

"ಬಿಸಿಲಿನಾಗ ಎಲ್ಲಾ ಬಣ್ಣ ಇರ್ತಾವಪ್ಪ. ಗಾಳಿ ಅದರಾಗಿನ ನೀಲೀನ್ನ ಭಾಳ ಚೆದುರಸ್ತೈತಿ, ಕೆಂಪನ್ನ ಕಮ್ಮಿ. ಹಂಗ ಚೆದುರಿದ ನೀಲಿ ಎಲ್ಲಾ ಕಡಿಯಿಂದ ಕಣ್ಣಿಗೆ ಬರ್ತೈತಿ. ಅದಕ್ಕ ಆಕಾಶ ನೀಲಿ. ಇಲ್ಲಿ ಗಾಳಿ ಬದಲು ಹಾಲು. ನೋಡ್ರಿ, ತೆಳ್ಳಗ ನೀಲಿ ಕಾಣ್ತೈತಲ್ಲ?"

"ಎಲ್ಲೈತಿ? ಗಂಜಿ ಇದ್ದಂಗೈತಿ."

"ಸರಿಯಾಗಿ ನೋಡ್ರಿ!"

"ನೋಡೀನಿ. ಗಂಜಿ. ನಿಮ್ಮ ಸಂಡೂರಾಗ ಅದಿರಿನ ಧೂಳು ತಿಂದು ನಿನ್ನ ಕಣ್ಣು ಕೆಟ್ಟಾವು."

ಅಮ್ಮ ಬಂದು ಬಗ್ಗಿ ನೋಡಿ, "ಅಯ್ಯ, ನೀಲಿ ಐತಲ್ರಿ!" ಎಂದರು. "ನೀ ಯಾವಾಗ್ಲೂ ಮಗಳ ಕಡೀನ," ಎಂದು ಅಪ್ಪ ಅವರ ಸಾಕ್ಷಿಯನ್ನೂ ವಜಾ ಮಾಡಿದರು. ನನಗೆ ತಲೆ ಕೆಟ್ಟಿತು. ಕೈ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋದೆ. ಮೋಡದ ಚೂರೂ ಇಲ್ಲದ ಆಕಾಶ.

"ಇದು ಯಾವ ಬಣ್ಣ, ಹೇಳ್ರಿ?"

"ಮಾಸಿದ ಧೋತರ."

ಬಾಯಿಗೆ ಬಂದದ್ದು ಅಂದೇಬಿಡುತ್ತಿದ್ದೆ, ಅಪ್ಪನ ಮುಖ ನೋಡಿ ಸುಮ್ಮನಾದೆ. ಅವರು ಹಟ ಮಾಡುತ್ತಿರಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು ನಿಜವಾಗಿಯೂ ಹುಡುಕುತ್ತಿದ್ದರು. ಅಯ್ಯೋ, ನನ್ನ ಬುದ್ಧಿಗಿಷ್ಟು! ವಿಜ್ಞಾನದ ಟೀಚರಂತೆ, ಅಪ್ಪನ ಕಣ್ಣಿಗೆ ಪೊರೆ ಬಂದದ್ದು ತಿಳಿಯಲಿಲ್ಲ.

ಹೊಸಪೇಟೆಯ ಡಾಕ್ಟರು ಪರೀಕ್ಷೆ ಮಾಡಿ ಅದನ್ನೇ ಹೇಳಿದರು: ಪೊರೆ ಹಳದಿಗಟ್ಟಿದೆ, ನೀಲಿಯನ್ನು ಸರಿಯಾಗಿ ಒಳಗೆ ಬಿಡುವುದಿಲ್ಲ, ಬೆಳ್ಳಗಿದ್ದದ್ದೂ ಹಳದಿ ಕಾಣುತ್ತದೆ.

"ಬೆಳ್ಳಗಿದ್ದದ್ದೂ?" ಎಂದು ಅಪ್ಪ ಎರಡು ಸಲ ಕೇಳಿದರು. ಸೂಜಿ ಕಂಡರೆ ಓಡುವ ಮನುಷ್ಯ, "ಜಲ್ದಿ ಮಾಡ್ರಿ ಹಂಗಾರ," ಎಂದುಬಿಟ್ಟರು.

ಒಂದು ಕಣ್ಣಿನ ಆಪರೇಷನ್ ಆಗಿ ಮರುದಿನ ಪಟ್ಟಿ ಬಿಚ್ಚಿದರು. ಆಸ್ಪತ್ರೆಯ ಬಾಗಿಲಲ್ಲೇ ಕಪ್ಪು ಕನ್ನಡಕ ಎತ್ತಿ ಮೇಲೆ ನೋಡಿದ ಅಪ್ಪ, "ಏ ಯವ್ವಾ! ಇದಕ್ಕ ಯಾರ್ ಬಣ್ಣ ಬಳದ್ರಲೇ?" ಎಂದು ಕೂಗಿದರು. ದಾರಿಯುದ್ದಕ್ಕೂ ನಾನು ಎಷ್ಟು ಬೈದರೂ ಕೇಳದೆ, ಒಂದೊಂದೇ ಕಣ್ಣು ಮುಚ್ಚಿ ತೆರೆದು, "ನೀಲಿ, ಗಂಜಿ, ನೀಲಿ, ಗಂಜಿ" ಎಂದು ಕಾರಿನ ಡ್ರೈವರನಿಗೆ ವರದಿ ಒಪ್ಪಿಸಿದರು. ಬುಕ್ಕಸಾಗರ ಬಂದಾಗ ಕನ್ನಡಕ ಸರಿಮಾಡಿಕೊಂಡು, "ಇಲ್ಲಿ ನಿಲ್ಲಸಪಾ," ಎಂದರು.

ಗೆಳೆಯ ಮನೆಯ ಮುಂದೆ ಅದೇ ಭತ್ತ ಹರಡುತ್ತಿದ್ದರು. ನಮ್ಮನ್ನು ಕಂಡೂ ಕಾಣದವರ ಹಾಗೆ ಕೆಲಸ ಮುಂದುವರಿಸಿದರು. ಅಪ್ಪ ಬಗ್ಗಿ ನಾಲ್ಕು ಕಾಳು ಎತ್ತಿ ಉಜ್ಜಿ, ಊದಿ, ನೋಡಿದರು.

"ಬೆಳ್ಳಗೈತಲೋ. ನನ್ನ ಕಣ್ಣಾಗ ಪೊರಿ ಇತ್ತು, ಆಪರೇಷನ್ ಆತು. ನಂದು ತಪ್ಪಾತು."

ಅವರು ಸೊಂಟದ ಮೇಲೆ ಕೈಯಿಟ್ಟು ಅಪ್ಪನನ್ನು ದಿಟ್ಟಿಸಿದರು. "ಎಷ್ಟ್ ಕಣ್ಣಿಗಿ ಮಾಡಿಸಿದಿ?"

"ಒಂದು."

"ಹಂಗಾರ ಇನ್ನೊಂದ್ ಕಣ್ಣಿಗಿ ನಾ ಇನ್ನೂ ಕಳ್ಳ?"

ಅಪ್ಪ ಆ ಇನ್ನೊಂದು ಕಣ್ಣನ್ನು ಅಂಗೈಯಿಂದ ಒತ್ತಿ ಮುಚ್ಚಿಕೊಂಡರು. "ಮುಚ್ಚೀನಲೇ. ಚಹಾಕ್ಕ ಒಳಗ ಕರಿ ಈಗ."